ಒಂದು ಸೀಸೆ ರಕ್ತ ಹೇಳುವುದೆಷ್ಟು?

ನಮ್ಮ ಉಚಿತ ವಾಚನಾಲಯದ ಮೇಜಿನ ಮೇಲೆ ಈಚೆಗೆ ಸದಸ್ಯರೊಬ್ಬರು ಪತ್ರಿಕೆಯಿಂದ ಕತ್ತರಿಸಿದ ಜಾಹೀರಾತೊಂದನ್ನು ಇಟ್ಟು, ಅದರ ಅಂಚಿನಲ್ಲಿ "ಇದು ನಿಜವೆ? ಸಾಲ ಮಾಡಿಯಾದರೂ ಮಾಡಿಸಬಹುದೆ?" ಎಂದು ಪೆನ್ಸಿಲಿನಲ್ಲಿ ಬರೆದು ಹೋಗಿದ್ದರು. ಒಂದೇ ಸಲ ರಕ್ತ ಕೊಟ್ಟರೆ ಹತ್ತಾರು ಬಗೆಯ ಕ್ಯಾನ್ಸರುಗಳನ್ನು ಮೊಳಕೆಯಲ್ಲಿಯೇ ಕಂಡುಹಿಡಿಯಬಹುದೆಂದು ಅದರಲ್ಲಿತ್ತು. ಈ ಪ್ರಶ್ನೆ ಅವರೊಬ್ಬರದೇ ಅಲ್ಲವಾದುದರಿಂದ ಇಲ್ಲಿಯೇ ಉತ್ತರಿಸುತ್ತಿದ್ದೇವೆ.

ಪರೀಕ್ಷೆಯ ಹಿಂದಿರುವ ವಿಜ್ಞಾನ ನಿಜವಾದದ್ದೇ. ನಮ್ಮ ಮೈಯಲ್ಲಿ ದಿನವೂ ಅಸಂಖ್ಯ ಜೀವಕೋಶಗಳು ಸಾಯುತ್ತವೆ. ಸತ್ತ ಕೋಶದೊಳಗಿನ ಡಿ.ಎನ್.ಎ. ಎಂಬ ಎಳೆಯು ತುಂಡುತುಂಡಾಗಿ ರಕ್ತವನ್ನು ಸೇರಿ ಸ್ವಲ್ಪ ಹೊತ್ತು ತೇಲುತ್ತದೆ. ರಕ್ತದಲ್ಲಿ ಇಂಥ ಚೂರುಗಳಿರುವುದನ್ನು ಮ್ಯಾಂಡೆಲ್ ಮತ್ತು ಮೆಟೇ ಎಂಬ ಫ್ರಾನ್ಸಿನ ವಿಜ್ಞಾನಿಗಳು 1948ರಲ್ಲಿಯೇ ತೋರಿಸಿದ್ದರು. ಆಗ ಲೋಕವು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಕ್ಯಾನ್ಸರಿನ ಗಡ್ಡೆಯೂ ಹೀಗೆಯೇ ಚೂರುಗಳನ್ನು ಉದುರಿಸುತ್ತದೆ. ಆದರೆ ಯಾವ ಚೂರು ಎಲ್ಲಿಯದೆಂದು ತಿಳಿಯುವುದು ಹೇಗೆ? ದೋಬಿಯು ಬಟ್ಟೆಯ ಅಂಚಿನಲ್ಲಿ ಮಸಿಯ ಗುರುತು ಹಾಕುವುದನ್ನು ವಾಚಕರು ಕಂಡಿರಬಹುದು. ಸಾವಿರ ಬಟ್ಟೆಗಳ ರಾಶಿಯಲ್ಲಿಯೂ ಇದು ಇಂಥ ಮನೆಯದೆಂದು ಅವನು ಹೇಳಬಲ್ಲ. ಡಿ.ಎನ್.ಎ. ಎಳೆಯ ಮೇಲೂ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳಿವೆ. ಯಕೃತ್ತಿನ ಕೋಶದಲ್ಲಿ ಅವುಗಳ ಕ್ರಮ ಒಂದು ಬಗೆ, ಶ್ವಾಸಕೋಶದಲ್ಲಿ ಇನ್ನೊಂದು ಬಗೆ. ಕ್ಯಾನ್ಸರು ಹಿಡಿದಾಗ ಆ ಕ್ರಮವೇ ಕೆಡುತ್ತದೆ. ಕೆಟ್ಟ ಕ್ರಮವನ್ನು ಗಣಕಯಂತ್ರವು ಹುಡುಕಿ, ಅದು ಯಾವ ಅಂಗದಿಂದ ಬಂದಿರಬಹುದೆಂದೂ ಊಹಿಸುತ್ತದೆ.

ತೊಡಕಿರುವುದು ಇದರ ಮುಂದೆ. ಗಡ್ಡೆ ಚಿಕ್ಕದಾದಷ್ಟೂ ಅದು ಉದುರಿಸುವ ಚೂರುಗಳು ಕಡಮೆ. ಗ್ಯಾಲರಿ ಎಂಬ ಪರೀಕ್ಷೆಯನ್ನು ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊನೆಯದಾದ ನಾಲ್ಕನೆಯ ಹಂತದ ಕ್ಯಾನ್ಸರುಗಳಲ್ಲಿ ನೂರಕ್ಕೆ 90ನ್ನು ಅದು ಹಿಡಿಯಿತು. ಮೊದಲನೆಯ ಹಂತದಲ್ಲಿ ಹಿಡಿದದ್ದು ನೂರಕ್ಕೆ ಸುಮಾರು 17 ಮಾತ್ರ. ಬೇಗ ಕಾಣಲೆಂದೇ ಹುಟ್ಟಿದ ಪರೀಕ್ಷೆಗೆ ಬೇಗ ಕಾಣಬೇಕಾದಲ್ಲಿಯೇ ಕಣ್ಣು ಮಂಜು!

ಇನ್ನೊಂದು ಲೆಕ್ಕವನ್ನು ಗುಮಾಸ್ತ ಬಂಧುಗಳು ತಾವೇ ಹಾಕಿ ನೋಡಬಹುದು. ಅಮೆರಿಕದಲ್ಲಿ 50 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ, ರೋಗದ ಚಿಹ್ನೆಯಿಲ್ಲದ 6,621 ಜನರ ರಕ್ತವನ್ನು ಇದೇ ರೀತಿ ಪರೀಕ್ಷಿಸಿ, 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 92 ಜನರಿಗೆ ಕ್ಯಾನ್ಸರಿನ ಸುಳಿವಿದೆಯೆಂದು ವರದಿ ಬಂತು. ರೋಗವಿದ್ದದ್ದು 35 ಜನರಿಗೆ. ಉಳಿದ 57 ಜನರ ಓಡಾಟ, ಮುಂದಿನ ತಪಾಸಣೆ, ಮನೆಯವರ ಕಣ್ಣೀರು ಎಲ್ಲವೂ ವ್ಯರ್ಥ. ಅದೇ ಒಂದು ವರ್ಷದಲ್ಲಿ ಒಟ್ಟು 121 ಜನರಲ್ಲಿ ಕ್ಯಾನ್ಸರು ಕಂಡುಬಂದಿತ್ತು. 121ರಲ್ಲಿ 35 ಕಳೆದರೆ 86. ಇಷ್ಟು ಜನರ ರೋಗವನ್ನು ಈ ಪರೀಕ್ಷೆ ಹೇಳಲೇ ಇಲ್ಲ. ಬೇರೆ ತಪಾಸಣೆಗಳಿಂದಲೋ, ಮೈಗೆ ತೊಂದರೆ ಕಾಣಿಸಿಕೊಂಡೋ ಅದು ತಿಳಿಯಿತು.

ಆದುದರಿಂದ ಸುಳಿವಿಲ್ಲ ಎಂಬ ವರದಿಯನ್ನು ರೋಗವಿಲ್ಲ ಎಂದು ಓದಬಾರದು. ನಮಗೆ ಹೆಚ್ಚು ಭಯವಿರುವುದು ಇಲ್ಲಿಯೇ. ತಂಬಾಕು ಜಗಿಯುವವನು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಾಯೊಳಗಿನ ಹುಣ್ಣನ್ನು ಮರೆತನೆಂದರೆ, ಹಣವೂ ಹೋಯಿತು, ಕಾಲವೂ ಹೋಯಿತು. ಹಣವಾದರೂ ಅಲ್ಪವಲ್ಲ: 2021ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಈ ಪರೀಕ್ಷೆಯ ಬೆಲೆ 949 ಡಾಲರು.

ಸಾಲಕ್ಕೆ ಕೈ ಹಾಕುವ ಮೊದಲು ಮುಂಬಯಿಯಲ್ಲಿಯೇ ನಡೆದ ಕೆಲಸವೊಂದನ್ನು ತಿಳಿಯುವುದು ಒಳ್ಳೆಯದು. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಇಲ್ಲಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಆರಿಸಿ, ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಗರ್ಭಕಂಠಕ್ಕೆ ಎರಡು ವರ್ಷಕ್ಕೊಮ್ಮೆ ವಿನಿಗರಿನಂಥ ದ್ರಾವಣವನ್ನು ಸವರಿ ನೋಡುತ್ತಿದ್ದರು. ಕೆಟ್ಟ ಭಾಗವಿದ್ದರೆ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ನೋಡಿದವರು ಡಾಕ್ಟರರಲ್ಲ, ಹತ್ತನೆಯ ತರಗತಿಯವರೆಗೆ ಓದಿ ತರಬೇತಿ ಪಡೆದ ಹೆಂಗಸರು. ಹನ್ನೆರಡು ವರ್ಷಗಳ ಬಳಿಕ ಲೆಕ್ಕ ನೋಡಿದಾಗ ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ 31ರಷ್ಟು ಕಡಮೆ. ಪರೀಕ್ಷೆಯು ಸಾವನ್ನು ತಗ್ಗಿಸಿತೆಂಬುದಕ್ಕೆ ಇಂಥ ಲೆಕ್ಕ ಬೇಕು.

ಪೆನ್ಸಿಲಿನ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ಸಾಲ ಮಾಡಬೇಡಿ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠ ಈ ಮೂರರ ತಪಾಸಣೆಯನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾಡಬೇಕೆಂದು ಕೇಂದ್ರ ಸರಕಾರವು 2016ರಲ್ಲಿ ಗೊತ್ತುಮಾಡಿದೆ. ಹತ್ತಿರದ ಕೇಂದ್ರದಲ್ಲಿ ವಿಚಾರಿಸಿ, ಮನೆಯಾಕೆಯನ್ನೂ ಕರೆದೊಯ್ಯಿರಿ. ತಂಬಾಕಿನ ಅಭ್ಯಾಸವಿದ್ದವರು ಹಲ್ಲುಜ್ಜುವಾಗ ಕನ್ನಡಿಯ ಮುಂದೆ ಬಾಯನ್ನು ಅಗಲಿಸಿ ನೋಡಿಕೊಳ್ಳಬೇಕು. ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಮೊದಲಿನಷ್ಟು ತೆರೆಯದ ಬಾಯಿ, ಇವುಗಳಲ್ಲಿ ಒಂದು ಕಂಡರೂ ಅರ್ಧ ದಿನದ ರಜೆ ಹಾಕಿ ಡಾಕ್ಟರರ ಬಳಿಗೆ ಹೋಗಬೇಕು.