ತೋಟದ ರೈಲು ಕುಂಟಿದ್ದೇಕೆ?

ಕುಮಟಾ ತಾಲ್ಲೂಕಿನ ಸಂತೆಗುಳಿಯಲ್ಲಿ ನಮ್ಮ ಬಂಧುಗಳ ಮನೆಯಿದೆ. ಅಲ್ಲಿಯ ಮಕ್ಕಳು ಜಗಲಿಯಿಂದ ಅಡಿಕೆ ತೋಟದ ಅಂಚಿನವರೆಗೆ ಹಿತ್ತಾಳೆಯ ಹಳಿಗಳನ್ನು ಹಾಸಿ, ವಿದ್ಯುತ್ತಿನಿಂದ ಓಡುವ ಪುಟ್ಟ ರೈಲೊಂದನ್ನು ನಡೆಸುತ್ತಾರೆ. ಮಳೆಗಾಲ ಕಳೆದ ಮೇಲೆ ಅದು ಕುಂಟತೊಡಗಿತು. ಜಗಲಿಯ ಬಳಿ ಚುರುಕಾಗಿ ಹೊರಡುವ ಎಂಜಿನ್ನು ೧೦ ಮೀಟರು ಸಾಗುವಷ್ಟರಲ್ಲಿ ತೆವಳುವುದು. ಎರಡು ಡಬ್ಬಿಗಳನ್ನು ಕಟ್ಟಿದರೆ ನಿಂತೇ ಬಿಡುವುದು. ಎಂಜಿನ್ನನ್ನು ಬಿಚ್ಚಬೇಕೆಂದು ಮಕ್ಕಳು, ವೋಲ್ಟೇಜನ್ನು ಏರಿಸಬೇಕೆಂದು ಹಿರಿಯರು. ಎರಡನ್ನೂ ಮಾಡದೆ, ದೋಷವಿರುವ ತಾವನ್ನು ಮೊದಲು ಹುಡುಕಲು ನಾವು ನಿಶ್ಚಯಿಸಿದೆವು.

ಚಕ್ರಗಳನ್ನೂ ಹಳಿಯ ಮೇಲ್ಮೈಯನ್ನೂ ಒರೆಸಿ, ಜಗಲಿಯ ಬಳಿಯ ಹಳಿಯಲ್ಲೇ ಎಂಜಿನ್ನನ್ನು ಎರಡೂ ಡಬ್ಬಿಗಳೊಡನೆ ಹಿಂದೆಮುಂದೆ ಓಡಿಸಿದೆವು. ಅದು ಸರಾಗವಾಗಿ ಓಡಿತು. ಆದುದರಿಂದ ದೋಷವು ಎಂಜಿನ್ನಿನದಲ್ಲ, ದಾರಿಯದು.

ಜಗಲಿಯಲ್ಲಿ ಹಳಿಗಳಿಗೆ ೧೮ ವೋಲ್ಟು ಕೊಟ್ಟಿತ್ತು. ಎಂಜಿನ್ನನ್ನು ಎತ್ತಿಟ್ಟು ದೂರದ ತುದಿಯಲ್ಲಿ ಅಳೆದಾಗ ಅಲ್ಲಿಯೂ ೧೮ ವೋಲ್ಟೇ ಕಂಡಿತು! ಹಾಗಾದರೆ ಹಳಿಯೂ ನಿರ್ದೋಷಿಯೆ? ಇಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಓಮನ ನಿಯಮದಂತೆ, ದಾರಿಯಲ್ಲಿ ನಷ್ಟವಾಗುವ ವೋಲ್ಟೇಜು ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಪ್ರವಾಹವೇ ಇಲ್ಲದಿದ್ದರೆ ರೋಧವೆಷ್ಟಿದ್ದರೂ ನಷ್ಟವು ಕಾಣದು. ಅಳೆಯುವ ಮೀಟರಾದರೋ ಅತ್ಯಲ್ಪ ಪ್ರವಾಹವನ್ನು ಮಾತ್ರ ಸೆಳೆಯುತ್ತದೆ.

ಆದ್ದರಿಂದ ಲಾರಿಗಳಲ್ಲಿ ಬಳಸುವ ೨೪ ವೋಲ್ಟಿನ ದೀಪವೊಂದನ್ನು ದೂರದ ತುದಿಯಲ್ಲಿ ಎರಡು ಹಳಿಗಳಿಗೂ ಜೋಡಿಸಿದೆವು. ಅದು ಮಂದವಾಗಿ ಉರಿಯಿತು. ಪ್ರವಾಹ ೦.೬ ಆಂಪಿಯರು, ತುದಿಯಲ್ಲಿ ಉಳಿದ ವೋಲ್ಟೇಜು ೧೨ ಮಾತ್ರ. ನಷ್ಟವಾದ ೬ ವೋಲ್ಟನ್ನು ೦.೬ರಿಂದ ಭಾಗಿಸಿದರೆ ದಾರಿಯ ರೋಧ ೧೦ ಓಮ್ ಎಂದಾಯಿತು. ಹೋಗಿಬರುವ ೨೦ ಮೀಟರು ಹಿತ್ತಾಳೆಯ ರೋಧವು ನಮ್ಮ ಲೆಕ್ಕದಂತೆ ಸುಮಾರು ೦.೦೫ ಓಮ್ ಅಷ್ಟೆ. ಉಳಿದುದು ಹಳಿ ಹಳಿಗಳನ್ನು ಕೂಡಿಸುವ ಕೀಲುಗಳಲ್ಲಿ ಅಡಗಿರಲೇಬೇಕು.

ದೀಪ ಉರಿಯುತ್ತಿರುವಾಗಲೇ ಮೀಟರಿನ ಎರಡು ಮೊನೆಗಳನ್ನು ಪ್ರತಿಯೊಂದು ಕೀಲಿನ ಅತ್ತಿತ್ತ ಇಟ್ಟು ನೋಡಿದೆವು. ಉಳಿದೆಲ್ಲ ಕೀಲುಗಳಲ್ಲಿ ನಷ್ಟವು ಅತ್ಯಲ್ಪ. ಒಂದರಲ್ಲಿ ಮಾತ್ರ ೫.೫ ವೋಲ್ಟು! ಅಡಿಕೆ ಸೋಗೆಯ ಕೊಳೆಯಲ್ಲಿ ಹುದುಗಿದ್ದ ಆ ಕೀಲಿನ ಪಟ್ಟಿಯೊಳಗೆ ತೇವದಿಂದ ಆಕ್ಸೈಡಿನ ಪೊರೆ ಕಟ್ಟಿತ್ತು. ಎಂಜಿನ್ನಿಗೆ ಹೊರೆ ಹೆಚ್ಚಿದಂತೆ ಅದು ಸೆಳೆಯುವ ಪ್ರವಾಹವೂ ಹೆಚ್ಚುತ್ತದೆ. ಆಗ ಕೀಲಿನಲ್ಲಿ ನಷ್ಟವೂ ಬೆಳೆಯುತ್ತದೆ. ಡಬ್ಬಿ ಕಟ್ಟಿದೊಡನೆ ರೈಲು ನಿಂತುದಕ್ಕೆ ಇದೇ ಕಾರಣ. ಹಿರಿಯರ ಮಾತಿನಂತೆ ವೋಲ್ಟೇಜನ್ನು ಏರಿಸಿದ್ದರೆ ಕೀಲು ಬಿಸಿಯಾಗುತ್ತಿತ್ತು; ಜಗಲಿಯ ಬಳಿಯ ತಿರುವಿನಲ್ಲಿ ಎಂಜಿನ್ನು ಹಳಿ ತಪ್ಪಲೂಬಹುದಾಗಿತ್ತು.

ಪಟ್ಟಿಯನ್ನು ಬಿಚ್ಚಿ, ಉಜ್ಜಿ, ಬಿಗಿದು, ಕೀಲಿನ ಎರಡು ಕಡೆಗೂ ತಾಮ್ರದ ತಂತಿಯೊಂದನ್ನು ಬೆಸೆದೆವು. ದೀಪವು ಬೆಳಗಿತು, ರೈಲು ತೋಟದ ಅಂಚನ್ನು ಮುಟ್ಟಿತು.

ಇದು ಆಟದ ರೈಲಿಗಷ್ಟೇ ಸಲ್ಲುವ ಮಾತಲ್ಲ. ಕುಮಟಾದ ಮೂಲಕ ಹಾಯುವ ಕೊಂಕಣ ರೈಲುಮಾರ್ಗದ ವಿದ್ಯುದೀಕರಣವು ೨೦೨೨ರಲ್ಲಿ ಪೂರ್ಣಗೊಂಡಿತು. ಅಲ್ಲಿ ೨೫,೦೦೦ ವೋಲ್ಟಿನ ಮೇಲ್ತಂತಿಯಿಂದ ಎಂಜಿನ್ನಿಗೆ ಬಂದ ಪ್ರವಾಹವು ಚಕ್ರಗಳ ಮೂಲಕ ಹಳಿಗಿಳಿದು ಹಿಂದಿರುಗುತ್ತದೆ. ವಿದ್ಯುತ್ ರೈಲುಮಾರ್ಗಗಳಲ್ಲಿಯೂ ಹಳಿಯ ಕೀಲುಗಳಿಗೆ ಅಡ್ಡಲಾಗಿ ಲೋಹದ ಬಂಧಗಳನ್ನು ಕೂಡಿಸುವುದು ಇದಕ್ಕಾಗಿಯೇ. ಸಂತೆಗುಳಿಯ ಮಕ್ಕಳು ಈಗ ಉಳಿದ ಕೀಲುಗಳಿಗೂ ತಾಮ್ರದ ತಂತಿಯನ್ನು ಬೆಸೆಯುತ್ತಿದ್ದಾರೆ. ಮುಂದಿನ ಮಳೆಗಾಲಕ್ಕೆ ಮುನ್ನ ಮುಗಿಯಬೇಕಾದ ಕೆಲಸವದು.