ಮರಳುದಿಬ್ಬದ ಮೇಲೆ ಗೇರು ಪೆಟ್ಟಿಗೆಯ ಜ್ವರ

ಆಸ್ಟ್ರೇಲಿಯದ ಸಿಂಪ್ಸನ್ ಮರುಭೂಮಿಯಲ್ಲಿ 1,100ಕ್ಕೂ ಹೆಚ್ಚು ಮರಳುದಿಬ್ಬಗಳು ಸಮಾಂತರವಾಗಿ ಸಾಲುಗಟ್ಟಿ ನಿಂತಿವೆ. ಅವನ್ನು ದಾಟಲು ಹೊರಡುವ ಮೋಟಾರು ಗಾಡಿಗಳಲ್ಲಿ ಅನೇಕವು ತಮ್ಮ ಗೇರನ್ನು ತಾವೇ ಬದಲಿಸಿಕೊಳ್ಳುವಂಥವು. ಚಾಲಕನ ಎದುರಿನ ಮಾಪಕವು ತೋರಿಸುವುದು ಎಂಜಿನ್ನನ್ನು ತಂಪಾಗಿಡುವ ನೀರಿನ ಉಷ್ಣತೆಯನ್ನು. ಅದರ ಮುಳ್ಳು ಅಲುಗದಿರುವುದನ್ನು ಕಂಡು ಅವನು ನೆಮ್ಮದಿಯಿಂದಿರುವಾಗಲೇ ಗೇರು ಪೆಟ್ಟಿಗೆಯ ತೈಲವು ಕಾದು ಕೆಡುತ್ತಿರಬಹುದು. ಇದು ಹೇಗೆಂಬುದನ್ನು ನೋಡೋಣ.

ಇಂಥ ಗಾಡಿಯ ಎಂಜಿನ್ನಿಗೂ ಗೇರು ಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಸಾಧನವಿದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟು ಪಡೆದದ್ದು ಹಡಗುಗಳಿಗಾಗಿ. ಎಂಜಿನ್ನು ತಿರುಗಿಸುವ ರೆಕ್ಕೆಚಕ್ರವು ತೈಲವನ್ನು ರಭಸದಿಂದ ಚಿಮ್ಮಿಸುತ್ತದೆ. ಆ ರಭಸಕ್ಕೆ ಎದುರಿನ ರೆಕ್ಕೆಚಕ್ರವು ತಿರುಗುತ್ತದೆ. ಮೆತ್ತನೆಯ ಮರಳಿನಲ್ಲಿ ಗಾಡಿ ತೆವಳುವಾಗ ಮೊದಲನೆಯದು ಭರದಿಂದಲೂ ಎರಡನೆಯದು ಮಂದವಾಗಿಯೂ ತಿರುಗುವುದರಿಂದ, ಗಾಲಿಯನ್ನು ಮುಟ್ಟದ ಶಕ್ತಿಯೆಲ್ಲ ತೈಲವನ್ನು ಕಡೆಯುವುದರಲ್ಲಿ ವ್ಯಯವಾಗಿ ಶಾಖವಾಗುತ್ತದೆ. ಬೀಳುವ ತೂಕಗಳಿಂದ ನೀರನ್ನು ಕಡೆಯಿಸಿ 1845ರಲ್ಲಿ ಜೌಲನು ನಡೆಸಿದ ಪ್ರಯೋಗವೇ ಇದು. ಪಾಪ, ಅವನಿಗೆ ಡಿಗ್ರಿಯ ಅಲ್ಪಾಂಶವನ್ನು ಅಳೆಯಲು ಹೆಣಗಬೇಕಾಗಿತ್ತು. ಇಲ್ಲಿ ಆ ಕೊರತೆಯಿಲ್ಲ. 10 ಕಿಲೋಗ್ರಾಂ ತೈಲವಿದೆಯೆಂದೂ ಅದರಲ್ಲಿ 20 ಕಿಲೋವಾಟ್ ಶಕ್ತಿ ಕರಗುತ್ತಿದೆಯೆಂದೂ ಇಟ್ಟುಕೊಳ್ಳೋಣ. ಒಂದು ಕಿಲೋಗ್ರಾಂ ತೈಲದ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 2 ಕಿಲೋಜೌಲ್ ಸಾಕು. ಲೋಹವೂ ತಂಪುಕೊಳವೆಗಳೂ ಹೀರುವ ಪಾಲನ್ನು ಬಿಟ್ಟರೆ, ಉಷ್ಣತೆ ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. 90 ಡಿಗ್ರಿ ಸೆಂಟಿಗ್ರೇಡಿನಲ್ಲಿದ್ದ ತೈಲವು ಅರ್ಧ ನಿಮಿಷದಲ್ಲಿ 120ಕ್ಕೆ ಮುಟ್ಟುತ್ತದೆ!

ಆ ಮಟ್ಟದಲ್ಲಿ ಬಹುಕಾಲ ನಿಂತ ತೈಲವು ಆಮ್ಲಜನಕದೊಡನೆ ಸೇರಿ ಕೆಡುತ್ತದೆ, ಕವಾಟಗಳಿಗೆ ಅಂಟು ಹಿಡಿಯುತ್ತದೆ, ರಬ್ಬರಿನ ಮುದ್ರೆಗಳು ಗಡುಸಾಗುತ್ತವೆ. ಹಿಡಿತ ತಪ್ಪಿದ ಕ್ಲಚ್ಚುಗಳು ಜಾರಿ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತವೆ. ಊರಿಂದ ನೂರಾರು ಮೈಲಿ ದೂರದಲ್ಲಿ ಇದು ಬರಿಯ ದುರಸ್ತಿಯ ಖರ್ಚಿನ ಮಾತಲ್ಲ, ಕುಡಿಯುವ ನೀರಿನ ಮಾತು.

ಆದುದರಿಂದ ತೈಲಕ್ಕೆ ಪ್ರತ್ಯೇಕ ಮಾಪಕ ಬೇಕು. ಕಾದಂತೆಲ್ಲ ವಿದ್ಯುದ್ರೋಧ ಇಳಿಯುವ ಥರ್ಮಿಸ್ಟರ್ ಎಂಬ ಪುಟ್ಟ ತುಣುಕು ಇದಕ್ಕೆ ಸಾಕು. ಅದನ್ನು ಎಲ್ಲಿ ಕೂರಿಸುವುದೆಂಬುದೇ ಮುಖ್ಯ ಪ್ರಶ್ನೆ. ಕನ್ವರ್ಟರಿನಿಂದ ಹೊರಬರುವ ಕೊಳವೆಯಲ್ಲಿಟ್ಟರೆ ಅತ್ಯಂತ ಬಿಸಿಯಾದ ತೈಲದ ಸುದ್ದಿ ಕೂಡಲೇ ತಿಳಿಯುತ್ತದೆ. ತಳದ ತೊಟ್ಟಿಯಲ್ಲಿಟ್ಟರೆ ಒಟ್ಟು ತೈಲದ ಸ್ಥಿತಿ ತಡವಾಗಿ ತಿಳಿಯುತ್ತದೆ. ಕೊಳವೆಯಲ್ಲಿ ಕ್ಷಣಕಾಲ 130 ಕಂಡರೆ ಗಾಬರಿ ಬೇಡ. ತೊಟ್ಟಿಯೇ 120 ತೋರಿದರೆ ನಿಲ್ಲಿಸಬೇಕು. ಒಂದನ್ನೇ ಆರಿಸಬೇಕಾದರೆ ನಾವು ಕೊಳವೆಯನ್ನು ಆರಿಸುತ್ತೇವೆ, ಮರಳಿನಲ್ಲಿ ಬೇಕಾದುದು ಮುನ್ಸೂಚನೆಯಾದ್ದರಿಂದ.

ಮುಳ್ಳು ಏರತೊಡಗಿದರೆ ಕೆಳಶ್ರೇಣಿಯ ಗೇರಿಗೆ ಇಳಿಸಬೇಕು. ಆಗ ರೆಕ್ಕೆಚಕ್ರಗಳ ವೇಗದ ಅಂತರ ತಗ್ಗುತ್ತದೆ. ಟೈರುಗಳ ಗಾಳಿಯನ್ನು ಇಳಿಸಿದರೂ ಭಾರ ಹಗುರವಾಗುತ್ತದೆ. ನಿಲ್ಲಿಸಿದಾಗ ಗೇರನ್ನು ತಟಸ್ಥಕ್ಕೆ ತರಬೇಕು. ಗೇರಿನಲ್ಲಿಯೇ ಇಟ್ಟು ಬ್ರೇಕು ಒತ್ತಿದರೆ ಕಡೆತ ನಿಲ್ಲದು. ಎಂಜಿನ್ನನ್ನು ಮಾತ್ರ ಒಡನೆಯೇ ಆರಿಸಕೂಡದು. ತೈಲವನ್ನು ತಂಪುಕೊಳವೆಗಳಿಗೆ ದೂಡುವ ಪಂಪು ಎಂಜಿನ್ನಿನಿಂದಲೇ ತಿರುಗುವುದರಿಂದ, ಎಂಜಿನ್ನು ನಿಂತರೆ ಬಿಸಿ ತೈಲವೂ ಇದ್ದಲ್ಲಿಯೇ ನಿಂತುಬಿಡುತ್ತದೆ.