ಮುಂದಿನ ಫೋರ್ಕಿಗೂ ಎಣ್ಣೆ ಬದಲಿಸಬೇಕು

ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ ಇವುಗಳ ಎಣ್ಣೆಯನ್ನು ತಪ್ಪದೆ ನೋಡುವ ನಾವು ಬೆಳೆಗಾರರು, ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕಿನೊಳಗೂ ಎಣ್ಣೆ ಇದೆಯೆಂಬುದನ್ನು ಮರೆತೇಬಿಡುತ್ತೇವೆ. ಮೆಕ್ಯಾನಿಕ್ಕುಗಳು ಇದನ್ನೇ ‘ಮುಂದಿನ ಶಾಕ್’ ಎನ್ನುತ್ತಾರೆ.

ಮಳೆಗಾಲ ಕಳೆದ ಮೇಲೆ ಹರಿಹರದಿಂದ ಉಕ್ಕಡಗಾತ್ರಿಗೆ, ಅಜ್ಜಯ್ಯನ ಗದ್ದುಗೆಯ ದರ್ಶನಕ್ಕೆಂದು, ನಮ್ಮ ಹಳೆಯ ಯೆಜ್ಡಿಯಲ್ಲಿ ಹೊರಟಿದ್ದೆವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋದರೂ ಅಲ್ಲಿಯ ಗಾಡಿಗಳು ತೋಟದ ದಾರಿಗಳಲ್ಲಿ ಇನ್ನೂ ಓಡುತ್ತಿವೆ. ಬ್ರೇಕ್ ಹಿಡಿದೊಡನೆ ಗಾಡಿಯ ಮೂತಿ ಕುಕ್ಕುತ್ತಿತ್ತು. ಗುಂಡಿಗೆ ಬಿದ್ದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಹೊಳೆಯ ದಂಡೆಯಲ್ಲಿ ನಿಲ್ಲಿಸಿ ನೋಡಿದರೆ ಬಲಗಡೆಯ ಕೊಳವೆಯಿಂದ ಎಣ್ಣೆ ಸೋರಿ ಬ್ರೇಕ್ ಡ್ರಮ್ಮಿನವರೆಗೆ ಇಳಿದಿತ್ತು. ಲೈನಿಂಗಿಗೆ ಎಣ್ಣೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಹಿಂದೆ ಮನೆಯವರು ಕುಳಿತಿದ್ದರು. ಮರಳುವಾಗ ನಿಧಾನವಾಗಿಯೇ ಬಂದೆವು.

ಸ್ಪ್ರಿಂಗು ಭಾರ ಹೊರುತ್ತದೆ. ಅದರ ಕುಣಿತವನ್ನು ತಡೆಯುವುದು ಸಣ್ಣ ರಂಧ್ರಗಳಲ್ಲಿ ಹಾಯುವ ಈ ಎಣ್ಣೆ. ತುಂಗಭದ್ರೆ ಉಕ್ಕಿದಾಗ ಉಕ್ಕಡಗಾತ್ರಿಯ ಸ್ನಾನಘಟ್ಟವೇ ಮುಳುಗುವುದುಂಟು. ಅಂಥ ನೀರು, ಕೆಸರಿನಲ್ಲಿ ಓಡಿಸಿದ ಗಾಡಿಯ ಸವೆದ ಸೀಲಿನಿಂದ ನೀರು ಒಳಸೇರಿ ಎಣ್ಣೆ ಬೂದುಬಣ್ಣಕ್ಕೆ ತಿರುಗುತ್ತದೆ.

ಮರುದಿನ ಬಿಚ್ಚಿದೆವು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಬೇಕು. ಮೇಲಿನ ಮುಚ್ಚಳವನ್ನು ಬಿಚ್ಚುವಾಗ ಮುಖವನ್ನು ದೂರವಿಡಿ, ಒಳಗಿನ ಸ್ಪ್ರಿಂಗು ಅದನ್ನು ಚಿಮ್ಮಿಸಬಹುದು. ಹಳೆಯ ಗಾಡಿಗಳಲ್ಲಿ ಅನೇಕಕ್ಕೆ ಕೊಳವೆಯ ತಳದಲ್ಲಿ ಎಣ್ಣೆ ಬಸಿಯುವ ತಿರುಪು ಇರುತ್ತದೆ. ಇಲ್ಲದ ಗಾಡಿಗಳಲ್ಲಿ ಕೊಳವೆಯನ್ನೇ ಕಳಚಿ ಬೋರಲು ಹಾಕಬೇಕು. ನಮ್ಮದರಲ್ಲಿ ಎಡಗಡೆ ಕಪ್ಪು ಎಣ್ಣೆ ಧಾರಾಳವಾಗಿ ಬಂತು, ಬಲಗಡೆ ನಾಲ್ಕು ಹನಿ ಮಾತ್ರ.

ಸೋರುವ ಸೀಲನ್ನು ಹಾಗೇ ಬಿಟ್ಟು ಎಣ್ಣೆ ತುಂಬುವುದು ದಂಡ. ಸೀಲು ಬದಲಿಸಿ, ಗಾಡಿಯ ಕೈಪಿಡಿಯಲ್ಲಿ ಹೇಳಿದ ದಪ್ಪದ ಎಣ್ಣೆಯನ್ನು, ಹೇಳಿದಷ್ಟೇ ಮಿಲಿಲೀಟರು, ಎರಡೂ ಕಡೆಗೆ ಸಮವಾಗಿ ಅಳೆದು ಹಾಕಬೇಕು. ಕಣ್ಣಂದಾಜು ಬೇಡ. ಮೈಲುತುತ್ತ ಅಳೆಯುವ ಪಾತ್ರೆಯೂ ಬೇಡ; ಇದನ್ನು ಹೇಳಲೇಬೇಕಾಗಿದೆ, ನಾವೇ ಅದಕ್ಕೆ ಕೈ ಹಾಕಿದ್ದೆವು! ಮುಚ್ಚಳ ಬಿಗಿಯುವ ಮೊದಲು ಫೋರ್ಕನ್ನು ಮೆಲ್ಲಗೆ ಕೆಲವು ಸಲ ಒತ್ತಿ ಬಿಟ್ಟರೆ ಒಳಗಿನ ಗಾಳಿ ಹೋಗುತ್ತದೆ. ಬಸಿದ ಎಣ್ಣೆಯನ್ನು ತೋಟದ ಕಾಲುವೆಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟೆವು.

ಮುಂದಿನ ಅಮಾವಾಸ್ಯೆಗೆ ಅದೇ ದಾರಿಯಲ್ಲಿ ಹೋಗಿ ಬಂದೆವು. ಹೊಳೆದಂಡೆಯಲ್ಲಿ ಮತ್ತೆ ಇಳಿದು ಸವರಿ ನೋಡಿದೆವು; ಕೊಳವೆ ಒಣಗಿತ್ತು.